ಅಡ್ಡ ಗೋರಿಯ ದಾವೆ

ಕೋರ್ಟಿನ ದುಭಾಷಿ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ತರುಣರು ಮೊನ್ನೆ ನಮ್ಮ ಮನೆಗೆ ಬಂದಿದ್ದರು. ಒಬ್ಬ ಸಿರಸಂಗಿಯವನು, ಇನ್ನೊಬ್ಬ ಸುರೇಬಾನದವನು. 'ನಿಮ್ಮ ಅನುಭವ ನಾಲ್ಕ ಮಾತಿನ್ಯಾಗ ಹೇಳ್ರಿ' ಎಂದರು. ಮೂವತ್ತೊಂದು ವರ್ಷ ಇನ್ನೊಬ್ಬರ ಮಾತನ್ನೇ ಆಡಿ ಹೊಟ್ಟೆ ಹೊರೆದವನಲ್ಲಿ ಸ್ವಂತದ್ದು ನಾಲ್ಕು ಮಾತು ಉಳಿದಿರುತ್ತವೆ ಎಂದು ಅವರು ನಂಬಿದ್ದೇ ದೊಡ್ಡದು. ಅರ್ಧ ತಾಸು ಕೂತು, ಚಹಾ ಕುಡಿದು, ಬಡತಿ ಎಷ್ಟು ವರ್ಷಕ್ಕೆ ಸಿಗುತ್ತದೆ ಎಂಬುದನ್ನು ಖಾತ್ರಿ ಮಾಡಿಕೊಂಡು ಎದ್ದು ಹೋದರು. ಅನುಭವ ಹಾಗೇ ಉಳಿಯಿತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಡತಿಯ ಬಗ್ಗೆ ಬರೆಯುವುದಿಲ್ಲ. ನನಗೆ ಸಿಕ್ಕಿದ್ದು ಒಂದೇ. ಅದೂ ನನ್ನ ಮೇಲಿನವರು ಪ್ಲೇಗಿನಲ್ಲಿ ತೀರಿಕೊಂಡದ್ದರಿಂದ. ಅದರಲ್ಲಿ ನನ್ನ ಯೋಗ್ಯತೆ ಎಂದರೆ ನಾನು ಸಾಯದೆ ಉಳಿದದ್ದು.

ನಾನು ತೊರಗಲ್ಲಿನ ಜೋಶಿ ಮನೆತನದವನು. ಅಜ್ಜ ಪಂಚಾಂಗ ಬರೆಯುತ್ತಿದ್ದರು, ಅಪ್ಪ ಪುರಾಣ ಹೇಳುತ್ತಿದ್ದರು. ಎರಡರಲ್ಲೂ ಕೇಳುವವರು ಕಡಿಮೆಯಾದ ಕಾಲಕ್ಕೆ ನಾನು ಹುಟ್ಟಿದೆ. ಕೆಲಸಕ್ಕೆ ಅರ್ಜಿ ಹಾಕಿದಾಗ ಸಾಹೇಬರು 'ಉರ್ದು ಬರುತ್ತದೆಯೇ?' ಎಂದು ಕೇಳಿದರು. 'ಬರುತ್ತದೆ' ಎಂದೆ. ಸುಳ್ಳಲ್ಲ. ಬಳೆಗಾರರೊಡನೆ ಚೌಕಾಸಿ ಮಾಡುವಷ್ಟು, ಟಾಂಗಾದವರೊಡನೆ ಜಗಳ ತೆಗೆಯುವಷ್ಟು ಬರುತ್ತಿತ್ತು. ಪರೀಕ್ಷೆ ಮಾಡಬೇಕಾದ ಸಾಹೇಬರಿಗೆ ಅಷ್ಟೂ ಬರುತ್ತಿರಲಿಲ್ಲವಾದ್ದರಿಂದ ನಾನು ಪಂಡಿತನೆಂದು ಕಾಗದದ ಮೇಲೆ ನಮೂದಾಯಿತು. ಸರಕಾರದ ಕಾಗದದ ಮೇಲೆ ಒಮ್ಮೆ ನಮೂದಾದ ವಿದ್ಯೆಯನ್ನು ಕಸಿಯುವುದು ಯಾರಿಂದಲೂ ಆಗುವುದಿಲ್ಲ.

ಬೈಲಹೊಂಗಲ, ಕಿತ್ತೂರು, ಸವದತ್ತಿ ಎಂದು ಕೋರ್ಟುಗಳ ಬೆನ್ನುಹತ್ತಿ ತಿರುಗಿದೆ. ಎರಡು ವರ್ಷ ರಾಮದುರ್ಗ ಸಂಸ್ಥಾನಕ್ಕೂ ಎರವಲು ಹೋಗಿಬಂದೆ. ಮೊದಲ ತಪ್ಪು ಕಿತ್ತೂರಿನ ಮುಕ್ಕಾಮಿನಲ್ಲಾಯಿತು. ಒಬ್ಬ ಮುದುಕಿಯನ್ನು, 'ನಿನ್ನ ಮೈದುನ ಎಲ್ಲಿ?' ಎಂದು ಕೇಳಿದರು. 'ಅಂವಾ ಹ್ವಾದ್ನರಿ' ಎಂದಳು. 'ಹೋಗಿದ್ದಾನಂತೆ' ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಎಲ್ಲಿಗೆ ಎಂದರು. ಮುದುಕಿ ಕೈ ಎತ್ತಿ 'ಮ್ಯಾಲಕ್ಕ' ಎಂದಳು. 'ಮೇಲಕ್ಕೆ' ಎಂದು ಅದನ್ನೂ ತಪ್ಪದೆ ಹೇಳಿದೆ. ಸಾಹೇಬರು ಗುಡ್ಡದ ಮೇಲೆ ಅಡಗಿದ್ದಾನೆಂದು ತಿಳಿದು ವಾರಂಟು ಹೊರಡಿಸಿದರು. ಹದಿನೈದು ದಿನದ ಮೇಲೆ ಬೇಲೀಫ ಮರಳಿ ತಂದ ಕಾಗದದಲ್ಲಿ ಹೀಗೆ ಬರೆದಿತ್ತು: 'ಸದರಿ ಇಸಮು ಸಮಾಧಿಯಲ್ಲಿದ್ದು, ಹಾಜರಾಗಲು ನಿರಾಕರಿಸಿರುತ್ತಾನೆ.' ಬೇಲೀಫನಿಗೆ ಬುದ್ಧಿ ಇತ್ತು. ಅವನಿಗೆ ಬಡತಿ ಸಿಗಲಿಲ್ಲ.

ಆ ಕಾಲದ ರೀತಿಯೇ ಬೇರೆ. ಸಾಕ್ಷಿಯವನು ಒಂದು ಭಾಷೆಯಲ್ಲಿ ಹೇಳಬೇಕು, ಕಾರಕೂನ ಇನ್ನೊಂದರಲ್ಲಿ ಬರೆಯಬೇಕು, ಜಡ್ಜರು ಮೂರನೆಯದರಲ್ಲಿ ತಿಳಿಯಬೇಕು. ಈಗ ಟೈಪರೈಟರು ಬಂದಿದೆ. ತಪ್ಪು ಅಷ್ಟೇ ಆಗುತ್ತದೆ, ಅಕ್ಷರ ಮಾತ್ರ ದುಂಡಗಿರುತ್ತದೆ.

ನಾನು ಹೇಳಬೇಕೆಂದಿರುವುದು ಒಂದು ದಾವೆಯ ಕಥೆ. ಯಾವ ಊರಿನದೆಂದು ಹೇಳುವುದಿಲ್ಲ. ಬೈಲಹೊಂಗಲದವರು ಇದು ಸವದತ್ತಿಯದೆನ್ನಲಿ, ಸವದತ್ತಿಯವರು ರಾಮದುರ್ಗದ್ದೆನ್ನಲಿ, ಎಲ್ಲರಿಗೂ ಸಮಾಧಾನವಾಗುತ್ತದೆ.

ಆಗ ನಮ್ಮಲ್ಲಿದ್ದ ಜಡ್ಜ ಸಾಹೇಬರು ಪುಣೆಯ ಕಡೆಯವರು. ಕನ್ನಡವನ್ನು ಅವರು ಕೆಟ್ಟುಹೋದ ಮರಾಠಿ ಎಂದು ತಿಳಿದಿದ್ದರು. ಪ್ರಾಮಾಣಿಕರು, ದುಡಿಯುವವರು, ಸಾಕ್ಷಿಯವನು ಕೆಮ್ಮಿದರೂ ಬರೆದುಕೊಳ್ಳುವರು. ಏನು ಹೇಳಿದರೂ ತಾರೀಖು ಕೇಳುವರು, ನಕಾಶೆ ಕೇಳುವರು, ರಜಿಸ್ಟರ್ ಆಗಿದೆಯೇ ಎಂದು ಕೇಳುವರು. ಅವರ ಮನೆಯವರು ಊಟಕ್ಕೆ ಕರೆದರೂ ಲಿಖಿತದಲ್ಲಿ ಕೊಡಬೇಕಾಗುತ್ತಿತ್ತೆಂದು ನಾವು ಮಾತಾಡಿಕೊಳ್ಳುತ್ತಿದ್ದೆವು.

ಊರಿನ ದವಾಖಾನೆಗೆ ಒಬ್ಬ ಡಾಕ್ಟರು ಬಂದಿದ್ದರು. ಹೆಸರು ಶಾಲೋಮ್. ಊರಿನ ಬಾಯಲ್ಲಿ ಅದು ಎರಡೇ ದಿನದಲ್ಲಿ 'ಸಲಾಂ ಡಾಕ್ಟರ' ಎಂದಾಯಿತು. ಕೊಂಕಣದವರು, ಮನೆಮಾತು ಮರಾಠಿ, ಗಡ್ಡ ಇತ್ತು, ಹಂದಿ ಮುಟ್ಟುತ್ತಿರಲಿಲ್ಲ, ಸುನ್ನತಿ ಆಗಿತ್ತು ಎಂದು ಕ್ಷೌರಿಕನಿಂದ ಹಿಡಿದು ಎಲ್ಲರಿಗೂ ಗೊತ್ತಿತ್ತು. ಆದ್ದರಿಂದ ಮುಸಲ್ಮಾನರೆಂದು ಊರು ತೀರ್ಮಾನ ಮಾಡಿತು. ಅವರೇನೋ 'ನಾವು ಇಸ್ರೇಲ ಜನ' ಎಂದು ಹೇಳುತ್ತಿದ್ದರು. ಅದು ಕೊಂಕಣದಲ್ಲಿ ಯಾವುದೋ ಊರಿನ ಹೆಸರಿರಬೇಕೆಂದು ನಾನೂ ತಿಳಿದಿದ್ದೆ. ಪಂಡಿತನಲ್ಲವೇ.

ಅವರ ಜೊತೆ ತಾಯಿ ಇದ್ದರು, ರೆಬೆಕಾಬಾಯಿ. ಓಣಿಯ ಹೆಂಗಸರು ಅವರನ್ನು ರಬಕವ್ವ ಎಂದು ಮಾಡಿದರು. ಎಪ್ಪತ್ತರ ಮುದುಕಿ. ಶನಿವಾರ ಒಲೆ ಹಚ್ಚುತ್ತಿರಲಿಲ್ಲ, ದೀಪ ಮುಟ್ಟುತ್ತಿರಲಿಲ್ಲ. ಪಕ್ಕದ ಮನೆ ಕಾಜಿಸಾಹೇಬರದು. ಊರಿನ ಮುಸಲ್ಮಾನರ ಮದುವೆ ಮಾಡಿಸುವುದು, ಮಣ್ಣು ಮಾಡಿಸುವುದು ಅವರ ಕೆಲಸ. ಅವರ ಹೆಂಡತಿ ಶನಿವಾರ ಬಂದು ರಬಕವ್ವನ ದೀಪ ಹಚ್ಚಿ ಹೋಗುತ್ತಿದ್ದರು. ರಮಜಾನಿನಲ್ಲಿ ರಬಕವ್ವ ಅವರ ಮೊಮ್ಮಕ್ಕಳಿಗೆ ಹಗಲಿನ ಊಟ ಹಾಕುತ್ತಿದ್ದರು. ಇಬ್ಬರೂ ದೇವರ ಬಗ್ಗೆ ಒಂದು ದಿನವೂ ಮಾತಾಡಿದ್ದು ಯಾರಿಗೂ ಕೇಳಿಲ್ಲ. ಮಾತಾಡಿದ್ದು ಸೊಸೆಯಂದಿರ ಬಗ್ಗೆ.

ಆಮೇಲೆ ಪ್ಲೇಗು ಬಂತು. ಊರು ಹೊಲದ ಗುಡಿಸಲುಗಳಿಗೆ ಹೋಯಿತು. ನಮ್ಮ ಕೋರ್ಟು ಒಂದು ಹುಣಸೆ ಮರದ ಕೆಳಗೆ ಕೂತು, ಸರಕಾರ ಇನ್ನೂ ಬದುಕಿದೆ ಎಂದು ತೋರಿಸಿತು. ದವಾಖಾನೆಯ ಆಳನ್ನು ಬಿಟ್ಟರೆ ಊರೊಳಗೆ ಉಳಿದವರು ಮೂವರು: ಡಾಕ್ಟರು, ಏಕೆಂದರೆ ಅವರಿಗೆ ಹುಕುಂ ಇತ್ತು; ಕಾಜಿಸಾಹೇಬರು, ಏಕೆಂದರೆ ದಿನಕ್ಕೆ ಒಂದೆರಡು ಮಣ್ಣು ಆಗುತ್ತಿತ್ತು; ರಬಕವ್ವ, ಏಕೆಂದರೆ ಮಗ ಇದ್ದ.

ರಬಕವ್ವನಿಗೆ ಗಡ್ಡೆ ಎದ್ದಿತು. ಮೂರನೆಯ ದಿನಕ್ಕೆ ತೀರಿಕೊಂಡರು. ಅವರ ಜನರು ಹೂಳುವ ಜಾಗ ಇದ್ದದ್ದು ದೂರದ ಊರಿನಲ್ಲಿ. ಪ್ಲೇಗಿನ ಹೆಣವನ್ನು ನಾಕಾ ದಾಟಿಸಕೂಡದು ಎಂದು ಹುಕುಂ ಆಗಿತ್ತು. ಅದನ್ನು ನಡೆಸಬೇಕಾದ ಅಧಿಕಾರಿ ಆ ಊರಿಗೆ ಒಬ್ಬರೇ. ಅವರು ಅಂಗಳದಲ್ಲಿ ತಾಯಿಯ ಹೆಣದ ಮುಂದೆ ಕೂತಿದ್ದರು. ಹಿಂದೂ ಜನರ ಸುಡುಗಾಡಿನವರು 'ನಮ್ಮಲ್ಲಿ ಆಗೂದಿಲ್ರಿ' ಎಂದು ಬಹಳ ಮರ್ಯಾದೆಯಿಂದ ಹೇಳಿಕಳಿಸಿದ್ದರು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ನಾನೂ ಅಷ್ಟೇ ಮರ್ಯಾದೆಯಿಂದ ಹೇಳುತ್ತಿದ್ದೆ.

ಕಾಜಿಸಾಹೇಬರು ಬಂದು, 'ಡಾಕ್ಟರ, ಏಳ್ರಿ. ನಮ್ಮ ಖಬರಸ್ತಾನದಾಗ ಬೇವಿನ ಗಿಡದ ಕಡೆ ಒಂದ ಮೂಲಿ ಐತಿ' ಎಂದರಂತೆ.

'ನಮ್ಮೊಳಗ ತಲಿ ಮೂಡಲಕ, ಕಾಲು ಪಡುವಲಕ ಇಡತೇವ್ರಿ' ಎಂದು ಡಾಕ್ಟರು ಹೇಳಿದರು.

'ಹಂಗ ಅಗದರ ಆತು. ಮಣ್ಣಿಗೆ ಅದೇನ ಗೊತ್ತಾಗತೈತಿ.'

ಅರವತ್ತೈದರ ಕಾಜಿ, ಡಾಕ್ಟರು, ದವಾಖಾನೆಯ ಆಳು, ಮೂವರೂ ಕೂಡಿ ಅಗೆದರು. ಪ್ರಾರ್ಥನೆಗೆ ಅವರಲ್ಲಿ ಹತ್ತು ಜನ ಗಂಡಸರು ಬೇಕಂತೆ. ಇದ್ದವರು ಮಗ ಒಬ್ಬನೇ. ಬರುವಷ್ಟನ್ನು ಡಾಕ್ಟರು ಹೇಳಿಕೊಂಡರು. ಕಾಜಿಸಾಹೇಬರು ಗಿಡದ ಹತ್ತಿರ ಸುಮ್ಮನೆ ನಿಂತಿದ್ದರು.

ನಾಲ್ಕು ತಿಂಗಳ ಮೇಲೆ ಊರು ಮರಳಿ ಬಂತು. ಖಬರಸ್ತಾನದ ಪಂಚರಲ್ಲಿ ದೊಡ್ಡವರು ದಾವಲಸಾಬ, ಅರಳೆಯ ದಲಾಲರು. ಆ ನಾಲ್ಕು ತಿಂಗಳಲ್ಲಿ ಒಂದು ಹೆಣಕ್ಕೂ ಅವರು ಹೊಲ ಬಿಟ್ಟು ಬಂದಿರಲಿಲ್ಲ. ಬಂದ ದಿನವೇ, ಎಲ್ಲ ಗೋರಿಗಳೂ ಉತ್ತರ ದಕ್ಷಿಣವಾಗಿರುವಾಗ ಒಂದು ಮಾತ್ರ ಅಡ್ಡ ಇರುವುದು ಅವರ ಕಣ್ಣಿಗೆ ಬಿತ್ತು. ಅನ್ಯಧರ್ಮದ ಹೆಣ ತೆಗೆಸಿ, ಜಾಗ ಶುದ್ಧ ಮಾಡಿಸಿಕೊಡಬೇಕೆಂದು ಕಾಜಿ ಮತ್ತು ಡಾಕ್ಟರ ಮೇಲೆ ದಾವೆ ಹಾಕಿದರು.

ನ್ಯಾಯವಾಗಿ ಹೇಳಬೇಕೆಂದರೆ ದಾವಲಸಾಬರಿಗೂ ಒಂದು ಗಾಯ ಇತ್ತು. ಪ್ಲೇಗಿನ ಮೊದಲ ವಾರದಲ್ಲಿ ಅವರ ಮನೆಯಲ್ಲಿ ಇಲಿ ಬಿದ್ದಾಗ ಡಾಕ್ಟರು ಮನೆಯ ಮಾಳಿಗೆ ತೆಗೆಸಿ, ಹಾಸಿಗೆಗಳ ಜೊತೆ ಅವರ ತಂದೆಯ ಕಾಲದ ಮಂಚವನ್ನೂ ಸುಡಿಸಿದ್ದರು. ತಂದೆ ಸತ್ತದ್ದು ಅದೇ ಮಂಚದ ಮೇಲೆ. ಹುಕುಂ ಹುಕುಮೇ, ಆದರೆ ಮಂಚ ಮಂಚವೇ. ಆ ಸಿಟ್ಟಿಗೆ ಕಾಯ್ದೆಯಲ್ಲಿ ದಾವೆ ಇಲ್ಲ. ಆದ್ದರಿಂದ ಅದು ಧರ್ಮದ ಅಂಗಿ ತೊಟ್ಟು ಕೋರ್ಟಿಗೆ ಬಂತು. ನನ್ನ ಮೂವತ್ತೊಂದು ವರ್ಷದಲ್ಲಿ ಧರ್ಮದ ಅಂಗಿ ಬಿಚ್ಚಿ ಬಂದ ಸಿಟ್ಟನ್ನು ನೋಡಿದ್ದು ಕಡಿಮೆ.

ಡಾಕ್ಟರ ಪ್ರಮಾಣದಿಂದಲೇ ತೊಡಕು ಶುರುವಾಯಿತು. ಹಿಂದೂಗಳಿಗೆ, ಮುಸಲ್ಮಾನರಿಗೆ ಯಾವ ಮಾತು ಹೇಳಿಸಬೇಕೆಂದು ಪಟ್ಟಿ ಇತ್ತು; ಇವರಿಗೆ ಇರಲಿಲ್ಲ. ಸಿಪಾಯಿ ಹೋಗಿ ಪಾದ್ರಿಯವರಿಂದ ಬೈಬಲ್ಲು ತಂದ. ಡಾಕ್ಟರು ಅದನ್ನು ತೆರೆದು ನೋಡಿ, 'ಇದರಾಗ ಮೊದಲಿನ ಭಾಗ ನಮ್ಮದು, ಕಡೀದು ಅಲ್ಲ. ಕಡೀದಕ್ಕ ಒಂದು ದಾರಾ ಕಟ್ರಿ, ಮೊದಲಿಂದರ ಮ್ಯಾಲ ಕೈ ಇಡತೇನಿ' ಎಂದರು. ಕಡತ ಕಟ್ಟುವ ಕೆಂಪು ದಾರದಿಂದ ಕಟ್ಟಿಕೊಟ್ಟೆವು. ಸಾಹೇಬರು 'ಸಾಕ್ಷಿಯು ಗ್ರಂಥದ ಪೂರ್ವಾರ್ಧದ ಮೇಲೆ ಪ್ರಮಾಣ ಮಾಡಿದನು' ಎಂದು ಬರೆದುಕೊಂಡರು.

ದಾವಲಸಾಬರು ಹೊರಗಿನ ಊರಿನಿಂದ ಒಬ್ಬ ಮೌಲ್ವಿಯವರನ್ನು ಸಾಕ್ಷಿಗೆ ಕರೆಸಿದ್ದರು. ವಿದ್ವಾಂಸರೇ. ಅವರ ಉರ್ದುವಿನಲ್ಲಿ ಉರ್ದು ಕಡಿಮೆ, ಅರಬ್ಬಿ ಹೆಚ್ಚು. ನನ್ನ ಬಳೆಗಾರರ ಉರ್ದು ಅವರ ಮುಂದೆ ಬೆವರಿತು. ಅವರು ಹೇಳಿದ್ದರ ಸಾರ ಇಷ್ಟು: ಪೈಗಂಬರರು ಮಕ್ಕಾ ಬಿಟ್ಟು ಮದೀನಾಕ್ಕೆ ಬಂದಾಗ ಅಲ್ಲಿ ಯಹೂದರ ಕುಲಗಳಿದ್ದವು. ಅವರೊಡನೆ ಕರಾರಾಯಿತು. ಕರಾರು ಮುರಿದರೆಂದು ಒಂದು ಕುಲವನ್ನು ಊರಿನಿಂದ ಹೊರಗೆ ಹಾಕಿದರು, ಆಮೇಲೆ ಇನ್ನೊಂದನ್ನು. ಮೂರನೆಯದು ಮುತ್ತಿಗೆಯ ಹೊತ್ತಿನಲ್ಲಿ ವೈರಿಗಳ ಕಡೆ ವಾಲಿತೆಂದು, ಪಂಚನೊಬ್ಬನ ತೀರ್ಪಿನ ಪ್ರಕಾರ ಅದರ ಗಂಡಸರನ್ನು ಕೊಲ್ಲಲಾಯಿತು. ಬದುಕಿರುವಾಗ ಊರಿನಲ್ಲಿ ಇರಗೊಡದವರಿಗೆ ಸತ್ತ ಮೇಲೆ ಖಬರಸ್ತಾನದಲ್ಲಿ ಜಾಗವೆಲ್ಲಿಯದು?

ಎಲ್ಲವನ್ನೂ ನಾನು ತರ್ಜುಮೆ ಮಾಡಿದೆ. ಒಂದೇ ತೊಂದರೆ. 'ಯಹೂದ' ಎಂಬ ಮಾತನ್ನು ನಾನು ಅದುವರೆಗೆ ಕೇಳಿರಲಿಲ್ಲ. ಮನೆಯಲ್ಲಿ ಪುರಾಣ ಕೇಳಿ ಬೆಳೆದ ಕಿವಿ. ಅದಕ್ಕೆ ಕೇಳಿಸಿದ್ದು 'ಯಾದವ' ಎಂದು.

'ಯಾದವರೇ?' ಎಂದು ಸಾಹೇಬರು ಲೇಖನಿ ನಿಲ್ಲಿಸಿದರು. 'ಅರಬಸ್ತಾನದಲ್ಲಿ?'

'ಹೌದು ಸಾಹೇಬ.'

ಅವರು ತುಸು ಯೋಚಿಸಿ, 'ದ್ವಾರಕೆ ಮುಳುಗಿದ ಮೇಲೆ ಕೆಲವರು ಹಡಗು ಹತ್ತಿ ಆ ಕಡೆ ಹೋಗಿರಬಹುದು' ಎಂದರು. ನನಗೂ ಅದು ಸರಿ ಎನಿಸಿತು. ಒಂದು ತಾಸಿನವರೆಗೆ ಮದೀನಾದಲ್ಲಿ ಯಾದವರು ಕರಾರು ಮಾಡಿದರು, ಮುರಿದರು, ಕೋಟೆ ಬಿಟ್ಟು ಒಂಟೆಗಳ ಮೇಲೆ ಸಾಮಾನು ಹೇರಿಕೊಂಡು ಹೋದರು. ಸಾಹೇಬರ ಮುಖದ ಮೇಲೆ ನಿಜವಾದ ದುಃಖ ಕಾಣುತ್ತಿತ್ತು.

ಕೊನೆಗೆ ಡಾಕ್ಟರು ಎದ್ದರು. 'ಸಾಹೇಬರ, ಅವರು ಯಾದವರಲ್ರಿ, ಯಹೂದಿಗಳು. ಅಂದ್ರ ನಾವು.'

ಸಾಹೇಬರು ಒಂದೊಂದೇ ಯಾದವನನ್ನು ಹುಡುಕಿ ಕಾಟು ಹಾಕಿದರು. ಆ ಕೆಲಸಕ್ಕೆ ಅರ್ಧ ತಾಸು ಹಿಡಿಯಿತು. ಒಂದೊಂದು ಕಾಟಿಗೂ ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ನಾನು ಡಾಕ್ಟರನ್ನು, 'ನೀವು ಯಹೂದಿ ಅಂತ ಮೊದಲ ಯಾಕ ಹೇಳಲಿಲ್ಲ?' ಎಂದು ಕೇಳಿದೆ. 'ಮುಸಲ್ಮಾನರ ನಡುವ ಇದ್ದ ನಮ್ಮ ಹಿರಿಯರು ಆ ಮಾತು ಬಳಸತಿದ್ದಿಲ್ರಿ. ಹಳೆ ಜಗಳ ಯಾರಿಗೂ ನೆನಪಾಗೂದು ಬ್ಯಾಡಂತ' ಎಂದರು. ಹದಿಮೂರು ನೂರು ವರ್ಷದ ಆ ಜಾಗರೂಕತೆಯನ್ನು ನಮ್ಮ ಕೋರ್ಟು ಒಂದು ಮುಂಜಾವಿನಲ್ಲಿ ಮುಗಿಸಿತ್ತು.

ಮರುದಿನ ಕಾಜಿಸಾಹೇಬರ ಸರದಿ. ಅವರಿಗೆ ವಕೀಲರಿರಲಿಲ್ಲ. ಕನ್ನಡದಲ್ಲೇ ಹೇಳಿದರು, ಕಿತಾಬಿನ ಮಾತು ಬಂದಲ್ಲಿ ಮಾತ್ರ ಅರಬ್ಬಿ. ಪೈಗಂಬರರು ಕೂತಿದ್ದಾಗ ಮುಂದೆ ಒಂದು ಹೆಣ ಹೋಯಿತು, ಅವರು ಎದ್ದು ನಿಂತರು. ಅದು ಯಹೂದಿಯ ಹೆಣ ಎಂದು ಜೊತೆಯವರು ಹೇಳಿದಾಗ, ಅದೂ ಒಂದು ಜೀವವಲ್ಲವೇ ಎಂದು ಕೇಳಿದರು. ಇನ್ನು ಉಹುದ್ ಗುಡ್ಡದ ಯುದ್ಧದ ದಿನ. ಅವತ್ತು ಶನಿವಾರ, ಯಹೂದಿಗಳು ಯಾವ ಕೆಲಸಕ್ಕೂ ಕೈ ಹಾಕದ ದಿನ. ಯಹೂದಿಗಳಲ್ಲಿ ಓದಿದವನೊಬ್ಬ, ಕರಾರು ಮಾಡಿಕೊಂಡಿದ್ದೇವೆ, ಇವತ್ತು ಶನಿವಾರ ನೋಡಬಾರದು ಎಂದು ಕತ್ತಿ ಹಿಡಿದು ಹೋಗಿ ಮುಸಲ್ಮಾನರ ಪರವಾಗಿ ಸತ್ತ. ಅವನ ತೋಟಗಳು ಅವನ ಮಾತಿನಂತೆ ಪೈಗಂಬರರಿಗೆ ಬಂದು, ಅವರಿಂದ ಬಡವರ ಪಾಲಾದವು.

'ಅವನ್ನ ಎಲ್ಲಿ ಮಣ್ಣ ಮಾಡಿದ್ರು? ಮುಸಲ್ಮಾನರ ಗೋರಿಗಳ ನಾಹಿಯಾದಾಗ ಅಂತ ಕೆಲವರು ಬರದಾರ್ರಿ' ಎಂದರು ಕಾಜಿಸಾಹೇಬರು.

'ನಾಹಿಯಾ' ಎಂದರೇನೆಂದು ಸಾಹೇಬರು ನನ್ನನ್ನು ಕೇಳಿದರು. ನಾನು ಜಾಣನಾಗಿ, ಸಾಕ್ಷಿಯವರನ್ನೇ ಕೇಳಬೇಕೆಂದೆ. 'ಮೂಲಿ' ಎಂದರು ಕಾಜಿಸಾಹೇಬರು. ಹಿಂದೆ ಕೂತಿದ್ದ ಮೌಲ್ವಿಯವರು ಎದ್ದು, 'ಮೂಲೆಯಲ್ಲ, ಮಗ್ಗಲು. ಅಂದರೆ ಹೊರಗೆ' ಎಂದರು. ಒಳಗಿನ ಮೂಲೆಯೋ ಹೊರಗಿನ ಮಗ್ಗಲೋ ಎಂದು ಅರ್ಧ ತಾಸು ನಡೆಯಿತು. ಸಾಹೇಬರಿಗೆ ಬೇಸರವಾಗಿ, 'ಹದ್ದಿನಿಂದ ಎಷ್ಟು ಗಜ? ನಕಾಶೆ ಇದೆಯೇ?' ಎಂದು ಕೇಳಿದರು.

'ನಾ ಅಲ್ಲಿಗೆ ಹೋಗಿಲ್ರಿ' ಎಂದರು ಕಾಜಿಸಾಹೇಬರು. ವಿಚಾರಿಸಿದರೆ ಮೌಲ್ವಿಯವರೂ ಹೋಗಿರಲಿಲ್ಲ.

ಆಮೇಲೆ ಕರಾರಿನ ಮಾತು ಬಂತು. ಸಾಹೇಬರ ಮುಖ ಅರಳಿತು. ಕರಾರು ಎಂದರೆ ಅವರಿಗೆ ಅರ್ಥವಾಗುವ ವಿಷಯ. ಮೊದಲ ಕಾಲದ ಆ ಕರಾರಿನಲ್ಲಿ ಯಹೂದಿಗಳು ನಂಬಿದವರ ಜೊತೆ ಒಂದೇ ಉಮ್ಮತ್ ಎಂದೂ, ಅವರ ಧರ್ಮ ಅವರಿಗೆ, ಮುಸಲ್ಮಾನರ ಧರ್ಮ ಮುಸಲ್ಮಾನರಿಗೆ ಎಂದೂ ಇದೆ ಎಂದು ಕಾಜಿಸಾಹೇಬರು ಹೇಳಿದರು. 'ಉಮ್ಮತ್' ಎಂಬುದಕ್ಕೆ ನಾನು ಕ್ಷಣವೂ ತಡೆಯದೆ 'ಜಾತಿ' ಎಂದು ಹೇಳಿಬಿಟ್ಟೆ. ನನ್ನ ತಲೆಯಲ್ಲಿ ಜನರನ್ನು ಕೂಡಿಸುವುದಕ್ಕೆ ಇದ್ದದ್ದು ಅದೊಂದೇ ಶಬ್ದ.

'ಒಂದೇ ಜಾತಿ?' ಎಂದರು ಸಾಹೇಬರು. 'ಹಾಗಿದ್ದರೆ ಯಹೂದಿಗಳು ಮುಸಲ್ಮಾನರಲ್ಲೇ ಒಂದು ಒಳಪಂಗಡ. ಖಬರಸ್ತಾನ ಆ ಜಾತಿಯದು. ಆ ಜಾತಿಯ ಹೆಂಗಸನ್ನು ಅಲ್ಲಿ ಹೂಳಿದ್ದಾರೆ. ಇದರಲ್ಲಿ ದಾವೆ ಎಲ್ಲಿದೆ?' ಗಡಿಯಾರ ನೋಡಿದರು. ಊಟ ಮುಗಿಸಿಬಂದು ಹುಕುಂ ಹೇಳುತ್ತೇನೆಂದು ಎದ್ದರು.

ಅವರು ಎದ್ದ ಮೇಲೆಯೇ ನನಗೆ ಹೊಳೆಯಿತು. ಉಮ್ಮತ್ ಎಂದರೆ ಜಾತಿಯಲ್ಲ. ಅದೇ ವಾಕ್ಯದಲ್ಲಿ ಇವರ ಧರ್ಮ ಬೇರೆ, ಅವರದು ಬೇರೆ ಎಂದಿದೆ. ಎರಡೂ ಧರ್ಮದವರು ಕೂಡಿ ಒಂದು ಒಕ್ಕೂಟ ಎಂದು ಅರ್ಥ. ನಾನು ತಪ್ಪು ಮಾಡಿದ್ದೆ. ಆದರೆ ಆ ತಪ್ಪಿನಿಂದ ಮುದುಕಿಯ ಹೆಣ ಉಳಿಯುತ್ತಿತ್ತು. ನೌಕರಿಯಲ್ಲಿ ಇಷ್ಟು ಉಪಯೋಗಕ್ಕೆ ಬಂದ ತಪ್ಪು ನಾನು ಇನ್ನೊಂದು ಮಾಡಿರಲಿಲ್ಲ. ಕಟ್ಟೆಯ ಮೇಲೆ ಕೂತು, ಮನೆಯಿಂದ ತಂದ ಅವಲಕ್ಕಿ ಬಿಚ್ಚಿ, ಪುಣ್ಯ ಬಂತೆಂದು ಮನಸ್ಸಿಗೆ ಸಮಾಧಾನ ಹೇಳುತ್ತಿದ್ದೆ. ಡಾಕ್ಟರು ಬಂದು ಎದುರಿಗೆ ನಿಂತರು. ಅವರಿಗೆ ಇಂಗ್ಲಿಷ್ ಬರುತ್ತಿತ್ತು ಎಂಬುದು ಆಗ ನೆನಪಾಯಿತು.

'ರಾಯರ, ನೀವು ನಮ್ಮ ಅವ್ವನ್ನ ಮುಸಲ್ಮಾನರಾಕಿ ಮಾಡಿದ್ರಿ.'

'ಅದರಿಂದ ನಿಮಗ ಒಳ್ಳೇದ ಆಗೇದ. ಸುಮ್ಮನಿರ್ರಿ.'

'ತಿದ್ದರಿ.'

'ತಿದ್ದಿದ್ರ ದಾವಾ ಹೋಗ್ತದ. ಗೋರಿ ಅಗಸ್ತಾರ. ತಿಳದದೋ ಇಲ್ಲೋ?'

'ತಿಳದದ.' ಅವರ ದನಿ ಏರಲಿಲ್ಲ. 'ಆಕಿ ಎಪ್ಪತ್ತ ವರ್ಷ ಶನಿವಾರ ಬೆಂಕಿ ಮುಟ್ಟಲಿಲ್ಲ. ಊರು ಬದಲಾತು, ಮಾತು ಬದಲಾತು, ಅದೊಂದ ಬದಲಾಗಲಿಲ್ಲ. ಇವತ್ತ ನಾ ಸುಮ್ಮ ಕೂತ್ರ ಆ ಎಪ್ಪತ್ತ ವರ್ಷ ಸುಳ್ಳ ಆಕ್ಕಾವ. ನೀವು ತಿದ್ದಲಿಲ್ಲಂದ್ರ ನಾ ಎದ್ದು ಹೇಳತೇನಿ. ನಿಮ್ಮ ಬಾಯಿಂದ ಬಂದ್ರ ನಿಮ್ಮ ಮರ್ಯಾದಿ ಉಳೀತದಂತ ಹೇಳಲಿಕ್ಕೆ ಬಂದೆ.'

ತಾಯಿಯ ಗೋರಿ ಹೋಗುವ ಹೊತ್ತಿನಲ್ಲಿ ಆ ಮನುಷ್ಯ ನನ್ನ ಮರ್ಯಾದೆಯ ಬಗ್ಗೆ ಯೋಚನೆ ಮಾಡಿದ್ದ. ಅವಲಕ್ಕಿಯ ಗಂಟು ಮತ್ತೆ ಕಟ್ಟಿ ಎದ್ದೆ.

ಸಾಹೇಬರು ಬಂದು ಕೂತೊಡನೆ ನಾನು ಎದ್ದು ಹೇಳಿದೆ. ಉಮ್ಮತ್ ಎಂದರೆ ಜಾತಿಯಲ್ಲ, ಒಕ್ಕೂಟ, ಮೃತಳು ಮುಸಲ್ಮಾನಳಲ್ಲ, ತಪ್ಪು ನನ್ನದು. ಅವರು ಬರೆದಿದ್ದ ಹುಕುಮನ್ನು ಮಡಿಸಿ ಪಕ್ಕಕ್ಕಿಟ್ಟು, 'ಮೊದಲು ಯಾದವರು, ಈಗ ಜಾತಿ. ಸರಕಾರ ನಿಮಗೆ ಸಂಬಳ ಕೊಡುತ್ತಿರುವುದು ಯಾವ ಭಾಷೆಗೆ?' ಎಂದು ಕೇಳಿದರು. ಇದಕ್ಕೆ ತರ್ಜುಮೆ ಬೇಕಾಗಲಿಲ್ಲ. ನನ್ನ ಸೇವಾ ಪುಸ್ತಕದಲ್ಲಿ ಅವರು ಅವತ್ತು ಬರೆದ ಷರಾ ಇವತ್ತಿಗೂ ಇದೆ: 'ಇವರಿಗೆ ಆಗಾಗ ಉರ್ದು ಬರುತ್ತದೆ.'

ದಾವಲಸಾಬರ ವಕೀಲರು ಹಸಿದವರಂತೆ ಎದ್ದರು. 'ಕಾಜಿಸಾಹೇಬರ, ಆ ಹೆಣ್ಣಮಗಳು ನಿಮ್ಮಾಕಿ ಅಲ್ಲಂತ ಒಪ್ಪತೀರಿ?'

'ಒಪ್ಪತೇನ್ರಿ. ನಮ್ಮಾಕಿ ಆಗಿದ್ರ ಜಾಗಾ ಆಕೀದ ಇತ್ತು, ನಾ ಕೊಡೂದ ಏನಿತ್ತು? ನಮ್ಮಾಕಿ ಅಲ್ಲಂತನ ನಾ ಕೊಟ್ಟೆ.'

'ಮದೀನಾದಿಂದ ಆ ಮಂದೀನ ಹೊರಗ ಹಾಕಿದ್ದು ಖರೆನೋ ಸುಳ್ಳೋ?'

'ಖರೆ.'

'ಒಂದ ಕುಲದ ಗಂಡಸರನ್ನ ಕೊಂದದ್ದು?'

'ಅದೂ ಖರೆ' ಎಂದರು ಕಾಜಿಸಾಹೇಬರು. 'ಆ ಪಾನಾ ಬಂದಾಗ ನಾ ಲಗೂನ ತಿರವಿ ಹಾಕೂದಿಲ್ರಿ, ಪೂರಾ ಓದತೇನಿ.' ಆಮೇಲೆ ಮೌಲ್ವಿಯವರ ಕಡೆ ತಿರುಗಿದರು. 'ಕರಾರ ಮುರದ್ರಂತ ಅವರಿಗೆ ಆ ಗತಿ ಬಂತು, ಹಂಗ ಬರದಾರ. ಈ ರಬಕವ್ವ ಯಾವ ಕರಾರ ಮುರದಾಳ? ಅದೊಂದನ್ನ ಹೇಳಲಿ.'

ನಾನು ಅದನ್ನು ಶಬ್ದಕ್ಕೆ ಶಬ್ದ ಇಟ್ಟು ಹೇಳಿದೆ. ಮೌಲ್ವಿಯವರು ದಾವಲಸಾಬರ ಕಡೆ ನೋಡಿದರು, ದಾವಲಸಾಬರು ವಕೀಲರ ಕಡೆ, ವಕೀಲರು ಕಾಗದದ ಕಡೆ. ಕೆಮ್ಮನ್ನೂ ಬರೆದುಕೊಳ್ಳುವ ಸಾಹೇಬರು ಆ ಪ್ರಶ್ನೆಯನ್ನು ಬರೆದುಕೊಳ್ಳಲು ಬಹಳ ಹೊತ್ತು ತೆಗೆದುಕೊಂಡರು.

ಎಂಟು ದಿನದ ಮೇಲೆ ತೀರ್ಪಾಯಿತು. ಹನ್ನೆರಡು ಪುಟ. ಮೊದಲ ಹನ್ನೊಂದರಲ್ಲಿ ಮದೀನಾ ಇತ್ತು, ಕರಾರಿತ್ತು, ಅದು ರಜಿಸ್ಟರ್ ಆದ ಬಗ್ಗೆ ಪುರಾವೆ ಇಲ್ಲವೆಂಬ ವಿಷಾದವೂ ಇತ್ತು. ಹನ್ನೆರಡನೆಯದರಲ್ಲಿ, ದಾವೆಯಲ್ಲಿ ಬರೆದ ಸರ್ವೆ ನಂಬರು ಖಬರಸ್ತಾನದ್ದಲ್ಲ, ಊರಿನ ಕೊಂಡವಾಡದ್ದು ಎಂದಿತ್ತು. ಬೀದಿ ದನ ಕೂಡಿಹಾಕುವ ಆ ಜಾಗದಲ್ಲಿ ಯಾವುದೇ ಶವ ಇರುವುದು ರುಜುವಾತಾಗಿಲ್ಲವಾದ್ದರಿಂದ ದಾವೆ ವಜಾ. ವಕೀಲರ ಕಾರಕೂನ ನಂಬರು ತಪ್ಪು ಬರೆದಿದ್ದ.

ಆ ತಪ್ಪು ಸಾಹೇಬರ ಕಣ್ಣಿಗೆ ಮೊದಲ ದಿನವೇ ಬಿದ್ದಿತ್ತೆಂದು ನನ್ನ ಗುಮಾನಿ. ನಕಾಶೆ ನೋಡದೆ ನೀರು ಕುಡಿಯದ ಮನುಷ್ಯ. ಕಾಜಿಸಾಹೇಬರ ಆ ಪ್ರಶ್ನೆಯ ಮೇಲೆಯೇ ಅವರಿಗೆ ಅದರ ಅಗತ್ಯ ಬಿದ್ದಿರಬೇಕು. ನ್ಯಾಯಾಧೀಶರು ಯಾವುದರಿಂದ ಒಪ್ಪಿದರು ಎಂಬುದು ತೀರ್ಪಿನಲ್ಲಿ ಇರುವುದಿಲ್ಲ, ಎಳೆಯರು ಇದನ್ನು ತಿಳಿದಿರಬೇಕು. ತೀರ್ಪಿನಲ್ಲಿ ಸರ್ವೆ ನಂಬರು ಇರುತ್ತದೆ.

ದಾವಲಸಾಬರು ಸುಮ್ಮನಾಗಲಿಲ್ಲ. ಸರಿಯಾದ ನಂಬರು ಹಾಕಿ ಹೊಸ ದಾವೆ ತಂದರು; ಮಳೆಗಾಲ ಕಳೆದ ಮೇಲೆ ತಾರೀಖು ಬಿತ್ತು. ಈ ಸಲ ತಪ್ಪಿಸಿಕೊಳ್ಳಲು ಕೊಂಡವಾಡ ಇರಲಿಲ್ಲ. ಡಾಕ್ಟರಿಗೆ ವರ್ಗದ ಹುಕುಂ ಬಂದಿತ್ತು. ಅವರು ಊರು ಬಿಟ್ಟ ಮೇಲೆ ಅಡ್ಡ ಗೋರಿಯ ಪರವಾಗಿ ನಿಲ್ಲಲು ಕಾಜಿಸಾಹೇಬರೊಬ್ಬರೇ. ಅವರಿಗೂ ದಮ್ಮು ಹೆಚ್ಚಾಗಿತ್ತು.

ಒಂದು ದಿನ ಅವರು ಕೋಲೂರಿಕೊಂಡು ಕೋರ್ಟಿನ ಕಟ್ಟೆಗೆ ಬಂದರು. 'ರಾಯರ, ಗೋರಿಗೆ ಗೋರಿ ಎಷ್ಟ ಮೊಳ ದೂರ ಇರಬೇಕಂತ ನಿಮ್ಮ ಕಾಯ್ದೆದಾಗ ಏನರ ಐತೇನ್ರಿ?'

'ನಾ ನೋಡಿದ ಮಟ್ಟಿಗೆ ಇಲ್ರಿ. ಯಾಕ?'

'ಸುಮ್ನ ಕೇಳಿದೆ. ಛಲೋ ಆತು' ಎಂದು ಎದ್ದು ಹೋದರು.

ತಾರೀಖಿಗೆ ಹನ್ನೊಂದು ದಿನ ಇರುವಾಗ ಕಾಜಿಸಾಹೇಬರು ತೀರಿಕೊಂಡರು. ಕೊನೆಯವರೆಗೆ ಔಷಧ ಕೊಟ್ಟವರು ಡಾಕ್ಟರೇ. ಅದಕ್ಕಾಗಿ ಹೊಸ ಊರಿಗೆ ಹಾಜರಾಗುವುದನ್ನು ಮುಂದೆ ಹಾಕಿ ಮೇಲಿನವರಿಂದ ಬೈಸಿಕೊಂಡಿದ್ದರು. ತಂದೆ ಎಲ್ಲಿ ಮಲಗಬೇಕೆಂದು ಹೇಳಿಹೋಗಿದ್ದಾರೆಂದು ದೊಡ್ಡ ಮಗ ಪಂಚರ ಮುಂದೆ ಹೇಳಿದ. ಮೂವತ್ತು ವರ್ಷ ಊರಿನ ಹೆಣಗಳಿಗೆಲ್ಲ ಜಾಗ ತೋರಿಸಿದವರು ತಮಗೊಂದು ತೋರಿಸಿಕೊಂಡರೆ ಬೇಡ ಎನ್ನುವುದು ದಾವಲಸಾಬರಿಂದಲೂ ಆಗಲಿಲ್ಲ.

ನಾನೂ ಹೋಗಿ ಗೋಡೆಯ ಹೊರಗೆ ನಿಂತೆ. ಈ ಸಲ ಮರ್ಯಾದೆಗಾಗಿ ಅಲ್ಲ. ರಬಕವ್ವನ ಗೋರಿಗೆ ಎರಡು ಕಡೆ ಖಬರಸ್ತಾನದ ಗೋಡೆ, ಮೂರನೆಯ ಕಡೆ ಬೇವಿನ ಬುಡ. ಬಯಲಾಗಿದ್ದದ್ದು ಕಾಲಿನ ಕಡೆ ಒಂದೇ. ಅಲ್ಲಿ, ಅಡ್ಡ ಗೋರಿಗೆ ಗೇಣೂ ದೂರವಿಲ್ಲದಂತೆ, ಉತ್ತರ ದಕ್ಷಿಣವಾಗಿ ಕಾಜಿಸಾಹೇಬರನ್ನು ಇಳಿಸಿದರು. ಇನ್ನು ಆಕೆಯನ್ನು ತೆಗೆಯಬೇಕೆಂದರೆ ಇವರನ್ನು ಒಡೆದೇ ತೆಗೆಯಬೇಕು. ಹಿಡಿ ಮಣ್ಣು ಹಾಕಲು ದಾವಲಸಾಬರು ಬಗ್ಗಿದಾಗ ಅದು ಅವರಿಗೆ ತಿಳಿಯಿತು. ಬಗ್ಗಿದವರು ಒಂದು ಕ್ಷಣ ಹಾಗೇ ಉಳಿದರು. ಆಮೇಲೆ ಮಣ್ಣು ಹಾಕಿ, ಹಿಂದೆ ನಿಂತಿದ್ದ ಡಾಕ್ಟರಿಗೆ ದಾರಿ ಬಿಟ್ಟು ಸರಿದರು.

ತಾರೀಖಿನ ದಿನ ದಾವಲಸಾಬರು ವಕೀಲರನ್ನು ಬಿಟ್ಟು ಒಬ್ಬರೇ ಬಂದು, ದಾವೆ ಹಿಂದಕ್ಕೆ ತೆಗೆದುಕೊಳ್ಳುತ್ತೇನೆಂದರು. ಕಾರಣ ಇಲ್ಲದೆ ಸಾಹೇಬರು ಬಿಡುವವರಲ್ಲ. ದಾವಲಸಾಬರು ರುಮಾಲು ಸರಿಮಾಡಿಕೊಂಡು, ಯಾರ ಕಡೆಗೂ ನೋಡದೆ ಹೇಳಿದರು:

'ಅಲ್ಲಿ ಈಗ ಸಲಿಕಿ ಹಾಕಾಕ ಜಾಗಾ ಇಲ್ರಿ.'

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ನನ್ನ ತರ್ಜುಮೆಯನ್ನು ಆಗ ಎರಡೆರಡು ಸಲ ಹೇಳಿಸಿ ಕೇಳುತ್ತಿದ್ದ ಸಾಹೇಬರು ಅವತ್ತು ಒಂದೇ ಸಲ ಕೇಳಿ ಬರೆದುಕೊಂಡರು. ನಕಾಶೆ ಕೇಳಲಿಲ್ಲ.